ಷಡ್ಡಕನ ಫೋಟೋದಲ್ಲಿ ನಾಲ್ಕು ಬೆಳಕು

ಹೊಟ್ಟೆಕಿಚ್ಚಿನ ಮುಖ ಹೇಗಿರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಚಾಮರಾಜನಗರದಲ್ಲಿ ಇಪ್ಪತ್ತೇಳು ವರ್ಷದಿಂದ ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವವನು ನಾನು. ಮದುವೆ ಮನೆಯಲ್ಲಿ ಹೆಣ್ಣಿನ ಕಡೆಯವರನ್ನೆಲ್ಲ ಒಟ್ಟಿಗೆ ನಿಲ್ಲಿಸಿ "ಎಲ್ಲರೂ ಇಲ್ಲಿ ನೋಡಿ" ಅಂದರೆ ನಲವತ್ತು ಜನ ನನ್ನ ಕಡೆ ನೋಡುತ್ತಾರೆ, ಎರಡನೇ ಸಾಲಿನ ಒಬ್ಬಾಕೆ ಮಾತ್ರ ಮದುಮಗಳ ಕತ್ತಿನ ಸರ ನೋಡುತ್ತಿರುತ್ತಾಳೆ. ತುಟಿ ನಗುತ್ತಿರುತ್ತದೆ, ಕಣ್ಣು ಸರದ ತೂಕ ಹಾಕುತ್ತಿರುತ್ತದೆ. "ಅಮ್ಮಾ ಹಸಿರು ಸೀರೆಯವರೇ, ಇಲ್ಲಿ ನೋಡಿ" ಅಂತ ನಾನು ಕೂಗುತ್ತೇನಾದರೂ ಒಳಗೊಳಗೇ ಆಕೆಯ ಮೇಲೆ ನನಗೆ ಪ್ರೀತಿ ಹುಟ್ಟುತ್ತದೆ. ನಾನೂ ಅದೇ ಪೈಕಿಯವನು. ನನಗಿರುವ ಒಂದೇ ಅನುಕೂಲವೆಂದರೆ ನಾನು ಯಾವಾಗಲೂ ಕ್ಯಾಮೆರಾದ ಹಿಂದೆ ಇರುತ್ತೇನೆ, ಹಾಗಾಗಿ ನನ್ನ ಹೊಟ್ಟೆಕಿಚ್ಚಿನ ಮುಖ ಯಾವ ಫೋಟೋದಲ್ಲೂ ಬಿದ್ದಿಲ್ಲ. ಅದಿರಲಿ, ನನ್ನ ಯಾವ ಮುಖವೂ ಬಿದ್ದಿಲ್ಲ. ನಮ್ಮ ಮನೆಯಲ್ಲಿ ಏಳು ಆಲ್ಬಂ ಇವೆ. ಮಕ್ಕಳ ನಾಮಕರಣ, ಕಿವಿ ಚುಚ್ಚಿದ್ದು, ಸ್ಕೂಲಿಗೆ ಸೇರಿಸಿದ್ದು, ಎಲ್ಲದರಲ್ಲೂ ನನ್ನ ಹೆಂಡತಿ ನಾಗರತ್ನ ಒಬ್ಬಳೇ ಮಗು ಎತ್ತಿಕೊಂಡು ನಿಂತಿದ್ದಾಳೆ. ಗುರುತಿಲ್ಲದವರು ನೋಡಿದರೆ ಪಾಪ, ಈ ಹೆಂಗಸಿಗೆ ಗಂಡ ಇದ್ದಾನೋ ಇಲ್ಲವೋ ಅಂತ ಕೇಳಬೇಕು, ಹಾಗಿದೆ.

ನನ್ನ ಹೊಟ್ಟೆಕಿಚ್ಚಿಗೆ ಒಂದು ಹೆಸರಿದೆ, ಒಂದು ಊರಿದೆ. ಹೆಸರು ನಂಜುಂಡಸ್ವಾಮಿ, ಊರು ಗುಂಡ್ಲುಪೇಟೆ. ನಾಗರತ್ನಳ ತಂಗಿ ಶಶಿಕಲಾಳ ಗಂಡ, ಅಂದರೆ ನನ್ನ ಷಡ್ಡಕ. ಈರುಳ್ಳಿ ಮಂಡಿ ಇಟ್ಟಿದ್ದಾನೆ. ಮನುಷ್ಯ ಕೆಟ್ಟವನೇನಲ್ಲ, ಅದೇ ನನ್ನ ಕಷ್ಟ. ಕೆಟ್ಟವನಾಗಿದ್ದರೆ ನಾಲ್ಕು ಜನರ ಮುಂದೆ ಬೈದುಕೊಂಡು ಹಗುರಾಗಬಹುದಿತ್ತು. ಸಂತೆಮರಹಳ್ಳಿಯ ಮಾವನ ಮನೆಗೆ ನಾನು ಹೋದರೆ ಅತ್ತೆ "ಬಂದ್ರಾ" ಅನ್ನುತ್ತಾರೆ. ಅವನು ಹೋದರೆ "ಅಯ್ಯೋ ಬಂದ್ರಾ!" ಅನ್ನುತ್ತಾರೆ. ಅವನು ಆ ಮನೆಯ ಅಳಿಯನಾಗಿ ಹದಿನೆಂಟು ವರ್ಷವಾಯಿತು, ಆ ಒಂದು "ಅಯ್ಯೋ" ನನಗೆ ಇನ್ನೂ ಸಿಕ್ಕಿಲ್ಲ. ಅವನ ತಲೆಯಲ್ಲಿ ಈಗಲೂ ದಟ್ಟವಾಗಿ ಕೂದಲಿದೆ. ನನ್ನ ತಲೆ ಮೂವತ್ತೈದಕ್ಕೇ ಬಟಾಬಯಲಾಯಿತು. ಇದನ್ನೆಲ್ಲ ನಾನು ಸಹಿಸಿಕೊಂಡಿದ್ದೆ. ಯಾಕೆಂದರೆ ಒಂದು ವಿಷಯದಲ್ಲಿ ಮಾತ್ರ ಅವನು ನನ್ನ ಹತ್ತಿರ ಬರುವಂತಿರಲಿಲ್ಲ. ಅವನಿಗೆ ಫೋಟೋ ತೆಗೆಯಲು ಬರುವುದಿಲ್ಲ. ಮೊಬೈಲಿನಲ್ಲಿ ಅವನು ತೆಗೆದ ಯಾವ ಫೋಟೋ ನೋಡಿದರೂ ಒಂದು ಮೂಲೆಯಲ್ಲಿ ಅವನ ಹೆಬ್ಬೆರಳು ಇರುತ್ತದೆ. ಮಗಳ ಹುಟ್ಟುಹಬ್ಬದಲ್ಲಿ ಕೇಕ್ ಪೂರ್ತಿ ಬಂದು ಮಗಳ ತಲೆ ಕತ್ತರಿಸಿ ಹೋಗಿತ್ತು. ಆ ಫೋಟೋ ನೋಡಿದ ದಿನ ನಾನು ಎರಡು ತುತ್ತು ಹೆಚ್ಚು ಊಟ ಮಾಡಿದೆ.

ಅಂಥವನು ಒಂದು ಸಂಜೆ ಟಿವಿಯಲ್ಲಿ ಬಂದುಬಿಟ್ಟ.

"ರೀ, ಬನ್ನಿ ಇಲ್ಲಿ, ಬಿರ್‍ರನೆ ಬನ್ನಿ! ನಮ್ ಶಶಿ ಯಜಮಾನ್ರು ಟಿವೀಲಿ ಬತ್ತಾವ್ರ!" ಅಂತ ನಾಗರತ್ನ ಕೂಗಿಕೊಂಡಳು. ಮಂಡಿಗೆ ಬೆಂಕಿ ಬಿತ್ತೋ ಏನೋ ಅಂತ ಓಡಿ ಬಂದೆ. ದೇವರಾಣೆಗೂ ಗಾಬರಿಯಿಂದಲೇ ಓಡಿ ಬಂದೆ. ನೋಡಿದರೆ ಟಿವಿ ತುಂಬ ಒಂದು ಫೋಟೋ. ಮುಸ್ಸಂಜೆ ಹೊತ್ತು, ಹಳದಿ ಹೂ ಬಿಟ್ಟ ಸೆಣಬಿನ ಹೊಲ. ಮಣ್ಣಿಗೆ ಸತ್ವ ಬರಲಿ ಅಂತ ಬೆಳೆಸಿ, ಹೂ ಬಿಟ್ಟ ಮೇಲೆ ಅಲ್ಲೇ ಉತ್ತು ಮಣ್ಣಿಗೆ ಸೇರಿಸುತ್ತಾರಲ್ಲ, ಆ ಬೆಳೆ. ಆಳೆತ್ತರದ ಆ ಗಿಡಗಳ ನಡುವೆ ಬಟ್ಟಲಿಟ್ಟು ಗೀರಿದ ಹಾಗೆ ಒಂದು ಗುಂಡನೆಯ ಜಾಗ. ಅದರೊಳಗಿನ ಗಿಡಗಳೆಲ್ಲ ಒಂದೇ ಕಡೆಗೆ ಸುತ್ತಿಕೊಂಡು ಮಲಗಿವೆ. ಆ ವೃತ್ತದ ಮೇಲೆ ಗಾಳಿಯಲ್ಲಿ ತೇಲುವಂತೆ ಮೂರು ದೊಡ್ಡ ಬೆಳಕು. ಕೆಳಗೆ, ನೆಲದ ಹತ್ತಿರ, ಸ್ವಲ್ಪ ಮಂಕಾಗಿ ನಾಲ್ಕನೆಯದೊಂದು ಸಣ್ಣ ಬೆಳಕು. ಕೆಳಗಡೆ ದಪ್ಪಕ್ಷರದಲ್ಲಿ "ಗುಂಡ್ಲುಪೇಟೆಗೆ ಬಂದವರು ಯಾರು?" ಅಂತ ಬರೆದಿದ್ದರು. ಆಮೇಲೆ ನಂಜುಂಡಸ್ವಾಮಿಯ ಮುಖ ಬಂತು. ಅವನು "ಮಂಡಿಯಿಂದ ಬತ್ತಿದ್ದೆ, ದಿಬ್ಬದ ಮ್ಯಾಲ ಗಾಡಿ ನಿಲ್ಸಿ ನೋಡ್ದೆ, ಏನೋ ಕಾಣ್ತು, ತಗದೆ, ಅಷ್ಟೇಯ" ಅಂದ. ಎಷ್ಟು ವಿನಯ ನೋಡಿ! ಇಪ್ಪತ್ತೇಳು ವರ್ಷದಲ್ಲಿ ನನ್ನ ಒಂದೇ ಒಂದು ಫೋಟೋ ಪೇಪರಿನ ಒಳಪುಟದಲ್ಲೂ ಬಂದಿಲ್ಲ. ಇವನು ಗಾಡಿಯ ಮೇಲೆ ಕೂತು ಒಂದು ಸಲ ಒತ್ತಿದ್ದಕ್ಕೆ ಇಡೀ ಕರ್ನಾಟಕ ನೋಡುತ್ತಿದೆ. ಅದರಲ್ಲಿ ಹೆಬ್ಬೆರಳೂ ಇರಲಿಲ್ಲ, ನಾನು ಹುಡುಕಿದೆ.

ಮಾರನೆಯ ದಿನದಿಂದ ಶುರುವಾಯಿತು. ಗುಂಡ್ಲುಪೇಟೆಯ ಸೂರ್ಯಕಾಂತಿ ಹೊಲಗಳಲ್ಲಿ ಫೋಟೋ ತೆಗೆಸಿಕೊಳ್ಳಲು ಕೇರಳದಿಂದ ಬರುವ ಕಾರುಗಳೆಲ್ಲ ಹೂವು ಬಿಟ್ಟು "ವಟ್ಟಂ ಎವಿಡೆ ಚೇಟ್ಟಾ?" ಅಂತ ವೃತ್ತ ಕೇಳಿಕೊಂಡು ಆ ಹೊಲದ ಕಡೆ ತಿರುಗಿದವು. ಹೊಲದ ಯಜಮಾನ ಪುಟ್ಟಮಾದಪ್ಪ ಎಂಬ ಮುದುಕರು ಉಳುವುದನ್ನು ಮುಂದಕ್ಕೆ ಹಾಕಿ, ವೃತ್ತದ ಸುತ್ತ ಹಗ್ಗ ಕಟ್ಟಿ, ಚಪ್ಪಲಿ ಬಿಟ್ಟು ಬರಬೇಕು ಅಂತ ಕಟ್ಟುನಿಟ್ಟು ಮಾಡಿದರು. ಟಿವಿಯವರ ಮುಂದೆ ತಮ್ಮ ಮೊಳಕೈಯಿಂದ ಬೆರಳ ತುದಿಯವರೆಗೆ ತೋರಿಸಿ "ನಡುವಿಂದ ಯಾವ ಕಡಿಕ ಅಳುದ್ರೂ ಎಂಟೇ ಮೊಳ ಕಣಪ್ಪ. ಒಂದ್ ಗೇಣು ಅತ್ಲಾಗಿಲ್ಲ, ಇತ್ಲಾಗಿಲ್ಲ. ಮನ್ಸ ಮಾಡಾ ಕೆಲ್ಸ ಅಲ್ಲ ಇದು" ಅಂದರು. ಗ್ರಹಗತಿ ಬಲ್ಲವರು ಅಂತ ಟಿವಿಯವರು ತಮ್ಮ ಸ್ಟುಡಿಯೋದಲ್ಲಿ ಕೂರಿಸಿದ್ದ ಒಬ್ಬರು, ಎಂಟು ಮೊಳ ಅಂದರೆ ಎಂಟು ದಿಕ್ಕು, ಮೂರು ಬೆಳಕು ಅಂದರೆ ಮೂರು ಲೋಕ ಅಂತ ವಿವರಿಸಿದರು. ನಾಲ್ಕನೆಯ ಬೆಳಕು ಯಾವ ಲೋಕ ಅಂತ ಕೇಳಿದಾಗ ಮಾತ್ರ ನೀರು ಕುಡಿದು, ಅದರ ಬಗ್ಗೆ ಇನ್ನೂ ಅಧ್ಯಯನ ಆಗಬೇಕು ಅಂದರು.

ಇಷ್ಟಕ್ಕೇ ನಿಂತಿದ್ದರೆ ನಾನು ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ವಿಷಯ ಮೊಳೆಗೆ ಬಂತು. ಮಾವನ ಮನೆ ಪಡಸಾಲೆಯಲ್ಲಿ, ಒಳಗೆ ಕಾಲಿಟ್ಟ ಕೂಡಲೇ ಎದುರಿಗೆ ಕಾಣುವ ಗೋಡೆಯ ನಟ್ಟನಡುವೆ ಒಂದು ದೊಡ್ಡ ಮೊಳೆ ಇದೆ. ಅದರಲ್ಲಿ ಇಪ್ಪತ್ತೈದು ವರ್ಷದಿಂದ ನಾನು ತೆಗೆದ ಅತ್ತೆ ಮಾವನ ಫೋಟೋ ತೂಗುತ್ತಿದೆ. ಆ ಕಾಲದಲ್ಲಿ ರೀಲ್ ಹಾಕಿ, ಮನೆ ಬಾಗಿಲಿನಿಂದ ಬರುವ ಬೆಳಗಿನ ಬಿಸಿಲನ್ನು ಬಿಳಿ ಪಂಚೆಗೆ ಬಡಿಸಿ ಅತ್ತೆಯ ಮುಖದ ಮೇಲೆ ತಿರುಗಿಸಿ ತೆಗೆದದ್ದು. ಬಂದವರೆಲ್ಲ "ಯಾರು ತಗದ್ದು?" ಅಂತ ಕೇಳುತ್ತಿದ್ದರು, ಮಾವ "ನಮ್ ದೊಡ್ಡಳಿಮಯ್ಯ" ಅನ್ನುತ್ತಿದ್ದರು. ಆ ಮನೆಯಲ್ಲಿ ನನಗೆ ಇದ್ದ ಆಸ್ತಿ ಅದೊಂದೇ ಮೊಳೆ. ಈಗ ಮಾವನೇ ಫೋನ್ ಮಾಡಿದರು.

"ಅಳಿಮಯ್ಯ, ಚಿಕ್ಕಳಿಮಯ್ಯನ ಪೋಟವ ದೊಡ್ದಾಗಿ ಮಾಡ್ಸಿ ಪಡಸಾಲೇಲಿ ಆಕನ ಅಂತ ನಿಮ್ಮತ್ತ ಒಂದೇ ಸಮ ಅಂತಾವ್ಳ. ಬಂದೋರೆಲ್ಲ ಅದ್ನೇ ಕೇಳ್ತಾರ. ನಮ್ದು ಹಳೇದಾಯ್ತು, ಒಳಗ ರೂಮಲ್ಲಿ ಆಕನ. ಆದ್ರ ಒಂದ್ ಮಾತು, ಸುಳ್ಳ ಪೋಟ ನಮ್ ಗ್ವಾಡ ಮ್ಯಾಲ ಇರಬಾರ್ದು. ನೀವು ಬಲ್ಲೋರು, ಆ ಬೆಳಕು ದಿಟವಾ ಸುಳ್ಳಾ ಅಂತ ಸರ್‍ಯಾಗಿ ನೋಡ್ಬುಟ್ಟು ಭಾನ್ವಾರ ಬಂದು ಹೇಳಿ. ನೀವ್ ಏನಂದ್ರ ಅದು."

ಫೋನ್ ಇಟ್ಟ ಮೇಲೆ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ತೀರ್ಪು ಹೇಳುವವನು ನಾನು! ಹೊಟ್ಟೆಕಿಚ್ಚಿನ ಮನುಷ್ಯನ ಕೈಗೆ ಇಂಥ ಅಧಿಕಾರ ಜನ್ಮದಲ್ಲಿ ಒಂದು ಸಲವೂ ಸಿಗುವುದಿಲ್ಲ, ನನಗೆ ಸಿಕ್ಕಿತು. ಆ ಬೆಳಕು ಲೆನ್ಸಿನ ಮೇಲಿನ ಈರುಳ್ಳಿ ಜಿಡ್ಡೇ ಇರಬೇಕು, ಇಲ್ಲವೇ ಶಶಿಕಲಾ ಮೊಬೈಲಿನಲ್ಲೇ ಏನೋ ಆಪ್ ಹಾಕಿ ಅಂಟಿಸಿರಬೇಕು ಅಂತ ಫೋಟೋ ನೋಡುವ ಮೊದಲೇ ನಿರ್ಧಾರ ಮಾಡಿಬಿಟ್ಟೆ. ನಾಗರತ್ನ ನನ್ನ ಮುಖ ನೋಡಿ "ಯಾಕ್ರೀ, ಅಷ್ಟೊಂದು ಖುಸೀಲಿ ಇದ್ದೀರಿ?" ಅಂದಳು. ಕಲಾ ವಿಮರ್ಶೆ ಮಾಡುವುದಿದೆ ಅಂದೆ. "ನಂಜುಂಡಸ್ವಾಮಿ ಪಾಪ ಏನ್ ಮಾಡವ್ರೆ ನಿಮ್ಗ?" ಅಂತ ಕೇಳಿ ಒಳಗೆ ಹೋದಳು.

ನನ್ನ ಉರಿಗೆ ಇನ್ನೊಂದು ಕಾರಣವೂ ಇತ್ತು. ಅವನು ಟಿವಿಯಲ್ಲಿ ಮೆರೆಯುತ್ತಿದ್ದ ಆ ವಾರ ಪೂರ್ತಿ ನಾನು ಸ್ವಲ್ಪ ದಿನದ ಹಿಂದೆ ತೆಗೆದಿದ್ದ ಒಂದು ಪ್ರೀವೆಡ್ಡಿಂಗ್ ಆಲ್ಬಂ ಹಿಡಿದುಕೊಂಡು ಒದ್ದಾಡುತ್ತಿದ್ದೆ. ಮದುವೆಗೆ ಮೊದಲು ಗಂಡು ಹೆಣ್ಣು ತೋಟ, ಹೊಲ, ಬೆಟ್ಟದ ಮುಂದೆ ಸಿನಿಮಾದವರ ಹಾಗೆ ಓಡಾಡಿ ತೆಗೆಸಿಕೊಳ್ಳುತ್ತಾರಲ್ಲ, ಅದು. ಬೇರೆ ಕಡೆ ಹುಡುಗ ಹುಡುಗಿ ಇಬ್ಬರೇ ಕಾರಿನಲ್ಲಿ ಹೋಗುತ್ತಾರಂತೆ. ನಮ್ಮ ಕಡೆ ಟೆಂಪೋ ತುಂಬ ನೆಂಟರು ಹೋಗುತ್ತಾರೆ. ಹುಡುಗಿ ಹರದನಹಳ್ಳಿಯವಳು. ಅಪ್ಪ, ಅವ್ವ, ಇಬ್ಬರು ಸೋದರಮಾವಂದಿರು, ಒಂದು ದೊಡ್ಡ ಡಬ್ಬಿ ಚಿತ್ರಾನ್ನ, ಎಲ್ಲರ ಮೇಲೆ ಒಬ್ಬರು ಅಜ್ಜಿ. ಟೆಂಪೋ ಹತ್ತಿದರೆ ನನಗೆ ನಿದ್ದೆ ಬರುತ್ತದೆ. ಒಳದಾರಿಗಳಲ್ಲಿ ಎಲ್ಲೆಲ್ಲಿ ತಿರುಗಿಸಿದರೋ, ಯಾವ ಊರಿನ ಹೊಲದ ಬದಿಗೆ ನಿಲ್ಲಿಸಿದರೋ ನನಗೆ ತಿಳಿಯದು. ಇಳಿದಾಗ ಹಳದಿ ಹೂವಿತ್ತು, ಸೂರ್ಯ ಇಳಿಯುತ್ತಿದ್ದ, ನಮ್ಮ ಕಸುಬಿನವರಿಗೆ ಅಷ್ಟು ಸಾಕು. "ಕೈ ಕೈ ಹಿಡ್ಕೊಳ್ಳಿ" ಅಂದೆ ನೋಡಿ, ಅಜ್ಜಿ ಬಂದೇಬಿಟ್ಟರು.

"ಏ ಪೋಟದಪ್ಪ, ತಾಳಿ ಕಟ್ಟಗಂಟ ಕೈಯ ಮುಟ್ಟಂಗಿಲ್ಲ. ನಾವೇನ್ ಮಾನ ಮರ್‍ವಾದಿ ಬುಟ್ಟಿದ್ದಂವಾ?"

"ಅಜ್ಜಿ, ಈಗೆಲ್ಲ ಅಂಗೇಯ ತಗಿಯೋದು" ಅಂದೆ.

"ಬ್ಯಾರೇವ್ರು ತಗಿಸ್ಕಳ್ಳಿ. ಬೇಕಾರ ಬಟ್ಟ ಇಡ್ಕಳ್ಳಿ. ಅವನೊಂದ್ ತುದಿ, ಇವಳೊಂದ್ ತುದಿ."

ಅದೇ ಆಯಿತು. ಹುಡುಗನ ಹೆಗಲ ಮೇಲೆ ಮಡಿಸಿ ಹಾಕಿದ್ದ ಹೊಸ ರೇಷ್ಮೆ ಪಂಚೆ ಬಿಚ್ಚಿಸಿ, ಒಂದು ತುದಿ ಹಿಡಿಸಿ ಅವನನ್ನು ಗಿಡಗಳ ನಡುವೆ ನಿಲ್ಲಿಸಿದೆವು. ಇನ್ನೊಂದು ತುದಿ ಹಿಡಿದು ಹುಡುಗಿ ಬಿಗಿಯಾಗಿ ಎಳೆದುಕೊಂಡು ಅವನ ಸುತ್ತ ಓಡಬೇಕು. ಮೊದಲನೇ ಸುತ್ತಿಗೆ ಅವಳು ಕಣ್ಣು ಮುಚ್ಚಿದಳು. ಎರಡನೆಯದಕ್ಕೆ ಅವನು ಸೀನಿದ. ಮೂರನೆಯದಕ್ಕೆ ಪಂಚೆ ಸಡಿಲವಾಯಿತು, ಅಜ್ಜಿ "ಅತ್ರ ಓಗ್‌ಬ್ಯಾಡ ಕಣಮ್ಮಿ, ಬಿಗೀಗಿ ಇಡ್ಕಂಡು ಸುತ್ತು" ಅಂತ ಬೈದರು. ನಡುವೆ ಗಿಡ ಅಡ್ಡ ಬರುತ್ತದೆ ಅಂತ ಸೋದರಮಾವಂದಿರು ತಾವೂ ಸುತ್ತಿ ತುಳಿದು ಸಾಪು ಮಾಡಿಕೊಟ್ಟರು. ಹದಿನೈದೋ ಹದಿನಾರೋ ಸುತ್ತು ಆಗಿರಬೇಕು. ಹೊಲದವರು ಒಪ್ಪಿದ್ದಾರೆ, ಹೇಗಿದ್ದರೂ ಉಳುವ ಬೆಳೆ ಅಂತ ಹುಡುಗನ ಕಡೆಯವರು ಹೇಳಿದ್ದರಿಂದ ನನಗೆ ಚಿಂತೆ ಇರಲಿಲ್ಲ. ಕ್ಯಾಮೆರಾದ ಕಿಂಡಿಯಿಂದ ಆಚೆ ನಾನು ನೋಡಲೂ ಇಲ್ಲ. ಕೊನೆಗೆ ಎಲ್ಲರೂ ಚಿತ್ರಾನ್ನ ತಿನ್ನಲು ಟೆಂಪೋ ಕಡೆ ಹೋದ ಮೇಲೆ ನೋಡುತ್ತೇನೆ, ನನ್ನ ಲೆನ್ಸಿನ ಮುಚ್ಚಳ ಇಲ್ಲ. ಎಷ್ಟು ಹುಡುಕಿದರೂ ಸಿಗಲಿಲ್ಲ. ಆವತ್ತಿನಿಂದ ಆ ಲೆನ್ಸಿಗೆ ಉಪ್ಪಿನಕಾಯಿ ಡಬ್ಬಿಯ ಮುಚ್ಚಳ ಹಾಕಿಕೊಂಡು ತಿರುಗುತ್ತಿದ್ದೇನೆ. ಒಬ್ಬ ಟಿವಿಯಲ್ಲಿ, ಒಬ್ಬ ಉಪ್ಪಿನಕಾಯಿ ಮುಚ್ಚಳದಲ್ಲಿ. ಹೊಟ್ಟೆ ಉರಿಯದೆ ಇನ್ನೇನಾಗಬೇಕು, ನೀವೇ ಹೇಳಿ.

ಪರೀಕ್ಷೆ ಅಂದ ಮೇಲೆ ಮೂಲ ಫೋಟೋ ಬೇಕು. ವಾಟ್ಸಪ್ಪಿನಲ್ಲಿ ಹತ್ತು ಕೈ ದಾಟಿ ಬಂದದ್ದು ಹಿಗ್ಗಿಸಿದರೆ ಬರೀ ಚುಕ್ಕಿ. ಶುಕ್ರವಾರ ಬಸ್ ಹತ್ತಿ ಗುಂಡ್ಲುಪೇಟೆಯ ಮಂಡಿಗೇ ಹೋದೆ. ನಂಜುಂಡಸ್ವಾಮಿ ಈರುಳ್ಳಿ ಚೀಲಗಳ ನಡುವಿನಿಂದ ಎದ್ದು ಬಂದು ಟೀ ತರಿಸಿದ. ಬಂದ ಕಾರಣ ಹೇಳಿದೆ. ಅವನ ಮುಖ ಸಣ್ಣಗಾಯಿತು.

"ಬುಡಿ ಅಣ್ಣ ಅತ್ಲಾಗಿ. ಟಿವಿಯವ್ರು ನಾಕ್ ದಿನ ಕೂಗ್ತಾರ, ಆಮ್ಯಾಕ ಅವ್ರೇ ಸುಮ್ನಾಯ್ತಾರ. ನೀವ್ಯಾಕ ತಲ ಕೆಡಿಸ್ಕಂಡೀರಿ?" ಅಂದ.

ಹಾಗೆ ಹೇಳುವಾಗ ಒಂದು ಗಳಿಗೆ ನನ್ನ ತಲೆಯನ್ನೇ ನೋಡಿದ. ಬೋಳು ತಲೆಯವನಿಗೆ ಅದು ಗೊತ್ತಾಗುತ್ತದೆ. ಎಷ್ಟು ಕೊಬ್ಬು ನೋಡಿ, ಸಿಕ್ಕಿಬೀಳುವ ಹೊತ್ತಿನಲ್ಲೂ ನನ್ನ ತಲೆ ಹಾಸ್ಯ ಮಾಡುತ್ತಿದ್ದಾನೆ ಅಂದುಕೊಂಡೆ. ಫೋಟೋ ಕೊಡಲಿಲ್ಲ. ಫೋನಿನಲ್ಲಿ ಚಾರ್ಜ್ ಇಲ್ಲ ಅಂದ, ಆಮೇಲೆ ಅಳಿಸಿಹೋಗಿದೆ ಅಂದ, ಆಮೇಲೆ ಯಾರೋ ವ್ಯಾಪಾರಿ ಕರೆದರು ಅಂತ ಎದ್ದುಹೋದ. ಕರೆದವರು ಯಾರೂ ಇರಲಿಲ್ಲ. ಕಳ್ಳ ಸಿಕ್ಕ! ನಾನು ಸೀದಾ ಅವನ ಮನೆಗೆ ಹೋದೆ. ಶಶಿಕಲಾ "ಬಾವ, ಅವ್ರು ಅವತ್ತೇ ನನ್ಗ ಕಳ್ಸಿದ್ರಲ್ಲ, ನಾನೇ ಅಲ್ವ ಎಲ್ಲಾರ್‍ಗೂ ಹಾಕಿದ್ದು, ತಕ್ಕಳಿ" ಅಂತ ಯಾಕೆ ಏನು ಕೇಳದೆ ಮೂಲ ಫೋಟೋವನ್ನೇ ನನ್ನ ಪೆನ್ ಡ್ರೈವಿಗೆ ಹಾಕಿಕೊಟ್ಟಳು. ವಾಪಸ್ಸು ಬರುವಾಗ ಬಸ್ಸಿನಲ್ಲಿ ನಿದ್ದೆಯೇ ಬರಲಿಲ್ಲ, ಅಷ್ಟು ಖುಷಿ.

ಶನಿವಾರ ಮಧ್ಯಾಹ್ನ ಸ್ಟುಡಿಯೋದ ಅರ್ಧ ಬಾಗಿಲು ಎಳೆದು ಕಂಪ್ಯೂಟರ್ ಮುಂದೆ ಕೂತೆ. ಮೊದಲು ದೋಷಪಟ್ಟಿ ಬರೆದುಕೊಂಡೆ. ಫೋಟೋ ಎಡಕ್ಕೆ ವಾಲಿದೆ, ಆಕಾಶ ಹೆಚ್ಚಾಯಿತು, ಕೈ ನಡುಗಿದೆ. ಆಮೇಲೆ ಮೊದಲನೇ ಬೆಳಕನ್ನು ಹಿಗ್ಗಿಸಿದೆ. ಜಿಡ್ಡಾಗಿದ್ದರೆ ಅಂಚು ಹರಡಿಕೊಳ್ಳಬೇಕು, ಇದರ ಅಂಚು ಚೌಕ. ಇನ್ನೂ ಹಿಗ್ಗಿಸಿದೆ. ಚೌಕದ ಒಂದು ಮೂಲೆಯಲ್ಲಿ ಕೆಂಪು ಗೆರೆ. ನನ್ನ ಎಲ್‌ಇಡಿ ಲೈಟಿನ ಮೂಲೆ ಒಡೆದಿದೆ, ನಾನೂ ಹೀಗೆಯೇ ಕೆಂಪು ಟೇಪು ಸುತ್ತಿದ್ದೇನೆ, ಎಲ್ಲ ಕಡೆಯೂ ಇದೇ ರೋಗ ಅಂದುಕೊಂಡು ಎರಡನೆಯದಕ್ಕೆ ಹೋದೆ. ಅದೂ ಚೌಕ. ಮೂರನೆಯದು ಗುಂಡಗಿತ್ತು. ಗುಂಡಗೆ, ನಡುವೆ ಒಂದು ಗುಬುಟು. ಅದನ್ನು ನೋಡಿದಾಗ ನನ್ನ ಕೈ ಮೌಸಿನ ಮೇಲೆ ನಿಂತಿತು. ನನ್ನ ಬೆಳಕು ತಿರುಗಿಸುವ ಬಿಳಿ ಹಲಗೆ ಮುರಿದುಹೋದ ಮೇಲೆ ನಾನು ಒಂದು ಛತ್ರದ ಅಡುಗೆಯವರನ್ನು ಕಾಡಿ ಬೇಡಿ ಅನ್ನದ ಹಂಡೆಯ ಸ್ಟೀಲ್ ಮುಚ್ಚಳ ತಂದುಕೊಂಡು ಸ್ಟ್ಯಾಂಡಿಗೆ ಕಟ್ಟಿದ್ದೇನೆ. ಈ ಜಿಲ್ಲೆಯಲ್ಲಿ ಹಂಡೆ ಮುಚ್ಚಳ ಇಟ್ಟುಕೊಂಡು ಫೋಟೋ ತೆಗೆಯುವವನು ನಾನೊಬ್ಬನೇ.

ಫೋಟೋದ ತಾರೀಕು ನೋಡಿದೆ. ಆಲ್ಬಂ ತಾರೀಕು ನೋಡಿದೆ. ಒಂದೇ ದಿನ. ಹುಡುಗನ ಪಂಚೆ ಎಷ್ಟುದ್ದ? ನಮ್ಮ ಕಡೆ ಮದುವೆ ಪಂಚೆ ಎಂಟು ಮೊಳ. ಪುಟ್ಟಮಾದಪ್ಪನವರು ಸರಿಯಾಗಿಯೇ ಅಳೆದಿದ್ದರು, ಅಜ್ಜಿ ಅಷ್ಟು ಬಿಗಿಯಾಗಿಯೇ ಹಿಡಿಸಿದ್ದರು. ಹುಡುಗನ ಕಡೆಯವರು ಹೊಲದವರನ್ನು ಕೇಳಿಯೇ ಇರಲಿಲ್ಲ ಅಂತ ಕಾಣುತ್ತದೆ, ಅದಕ್ಕೇ ಟೆಂಪೋದಲ್ಲಿ ಬಂದವರೊಬ್ಬರೂ ಬಾಯಿ ಬಿಟ್ಟಿರಲಿಲ್ಲ. ಇಡೀ ವಾರ ಕಂಪ್ಯೂಟರಿನ ಒಂದು ಕಿಟಕಿಯಲ್ಲಿ ಆ ಆಲ್ಬಂ, ಇನ್ನೊಂದು ಕಿಟಕಿಯಲ್ಲಿ ಟಿವಿಯ ಫೋಟೋ ಇಟ್ಟುಕೊಂಡು ಕೂತಿದ್ದ ನನಗೆ ಅದೇ ಹೂವು, ಅದೇ ಹೊಲ ಅಂತ ಕಾಣಲೇ ಇಲ್ಲ. ನಾನು ಹೊಲ ನೋಡುತ್ತಿರಲಿಲ್ಲ, ನಂಜುಂಡಸ್ವಾಮಿಯ ತಪ್ಪು ಹುಡುಕುತ್ತಿದ್ದೆ.

ಇನ್ನು ನಾಲ್ಕನೆಯ ಬೆಳಕು. ಅದನ್ನು ಹಿಗ್ಗಿಸುವುದು ಬೇಡ ಅಂತ ಮನಸ್ಸು ಹೇಳಿತು, ಕೈ ಕೇಳಲಿಲ್ಲ. ವೃತ್ತದ ನಡುವೆ ಒಂದು ಕಪ್ಪು ಗುಡ್ಡೆ ಇತ್ತು. ಟಿವಿಯವರು ಹುತ್ತ ಅಂದಿದ್ದರು. ಅದು ಹುತ್ತವಲ್ಲ. ಲೈಟ್‌ಗಳನ್ನು ಹಚ್ಚಿ, ಹಂಡೆ ಮುಚ್ಚಳವನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಮೊಣಕಾಲೂರಿ, ಎರಡೂ ಕೈ ನೆಲಕ್ಕೆ ಕೊಟ್ಟು, ಲೆನ್ಸಿನ ಮುಚ್ಚಳ ಹುಡುಕುತ್ತಿದ್ದ ಒಬ್ಬ ಮನುಷ್ಯನ ಹಿಂಭಾಗ. ನಾಗರತ್ನ ಯುಗಾದಿಗೆ ತೆಗೆಸಿಕೊಟ್ಟ ಬೂದು ಪ್ಯಾಂಟು, ಸ್ಪಷ್ಟವಾಗಿ ಬಂದಿತ್ತು. ಅದರಾಚೆ, ಬಗ್ಗಿಸಿದ ಬೋಳು ತಲೆಯ ಮೇಲೆ ಆ ಮೂರರ ಬೆಳಕೂ ಬಿದ್ದು, ನೆಲದ ಹತ್ತಿರ ಮಂಕಾಗಿ ಹೊಳೆಯುತ್ತಿತ್ತು. ಗ್ರಹಗತಿ ಬಲ್ಲವರು ಅಧ್ಯಯನ ಆಗಬೇಕು ಅಂದಿದ್ದು ನನ್ನ ನೆತ್ತಿಯ ಬಗ್ಗೆ. ಕೇರಳದವರು ಚಪ್ಪಲಿ ಬಿಟ್ಟು ನೋಡಿ ಹೋದದ್ದು ನಾನು ಮಂಡಿಯೂರಿದ ಜಾಗ.

ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮೊದಲು ಬಂದದ್ದು, ಹೇಳಿದರೆ ನಂಬುತ್ತೀರೋ ಇಲ್ಲವೋ, ಮತ್ತೆ ಹೊಟ್ಟೆಕಿಚ್ಚೇ. ಇಪ್ಪತ್ತೇಳು ವರ್ಷದಲ್ಲಿ ನನ್ನದೊಂದು ಒಳ್ಳೆಯ ಫೋಟೋ ಯಾರೂ ತೆಗೆಯಲಿಲ್ಲ, ತೆಗೆದವನು ಇವನೇ ಆಗಬೇಕಾ? ಆಮೇಲೆ ಭಾನುವಾರದ ನೆನಪಾಯಿತು. ಸತ್ಯ ಹೇಳಿದರೆ ಮೊಳೆ ಉಳಿಯುತ್ತದೆ, ನಂಜುಂಡಸ್ವಾಮಿಯ ಮೆರವಣಿಗೆ ಮುಗಿಯುತ್ತದೆ. ಆದರೆ ಸತ್ಯದ ಜೊತೆಗೆ ನನ್ನ ಬೂದು ಪ್ಯಾಂಟೂ ಟಿವಿಗೆ ಹೋಗುತ್ತದೆ. ಸುಳ್ಳು ಹೇಳಿದರೆ ಮೊಳೆ ಹೋಗುತ್ತದೆ. ಶನಿವಾರ ಊಟ ಸೇರಲಿಲ್ಲ.

ಭಾನುವಾರ ಸಂತೆಮರಹಳ್ಳಿಯಲ್ಲಿ ಎಲ್ಲರೂ ಸೇರಿದ್ದರು. ಪಡಸಾಲೆಯಲ್ಲಿ ಮಾವ ಕುರ್ಚಿ ಹಾಕಿಸಿದ್ದರು, ನನಗೊಂದು ಪ್ರತ್ಯೇಕ. ಗೋಡೆಗೆ ಒರಗಿಸಿ ಹೊಸ ಫೋಟೋ, ದೊಡ್ಡ ಕಟ್ಟು ಹಾಕಿಸಿ ತಂದಿದ್ದರು. ಮೊಳೆಯಲ್ಲಿ ಇನ್ನೂ ನನ್ನದೇ ಇತ್ತು. ಅತ್ತೆ ಕಾಫಿ ತರುವಷ್ಟರಲ್ಲಿ ಕೈ ತೊಳೆದು ಬರುತ್ತೇನೆ ಅಂತ ಹಿತ್ತಿಲಿಗೆ ಹೋದೆ, ಸ್ವಲ್ಪ ಹೊತ್ತು ಕಳೆಯಲಿ ಅಂತ. ನಂಜುಂಡಸ್ವಾಮಿ ಹಿಂದೆಯೇ ಬಂದು ನೀರಿನ ತೊಟ್ಟಿಯ ಹತ್ತಿರ ನಿಂತ.

"ಅಣ್ಣ, ದೊಡ್ಡದ್ ಮಾಡಿ ನೋಡ್ಬುಟ್ರಾ?" ಅಂತ ಮೆಲ್ಲಗೆ ಕೇಳಿದ.

ನಾನು ತೊಟ್ಟಿಯಿಂದ ಇನ್ನೊಂದು ಚೊಂಬು ನೀರು ತೆಗೆದು ಮತ್ತೆ ಕೈ ತೊಳೆದೆ.

"ನನ್ಗ ಅವತ್ತೇ ಗೊತ್ತಿತ್ತು ಕಣಣ್ಣ. ದಿಬ್ಬದ ಮ್ಯಾಲಿಂದ ಕೂಗ್ದೆ, ನೀವ್ ಏನೋ ಉಡುಕ್ತಾ ಇದ್ರಿ, ಕೇಳುಸ್ಲಿಲ್ಲ. ನಿಮ್ದೊಂದು ಪೋಟ ಯಾರ್ ತಾವೂ ಇಲ್ಲ ಅಂತ ನಾಗರತ್ನ ಅತ್ಗ ಯಾವಾಗ್ಲೂ ಅಂತಿರ್ತಾರ, ಅದ್ಕೇ ತಗದೆ. ಶಶಿಗ ಕಳ್ಸಿ, ಯಾರು ಅಂತ ಏಳು ನೋಡನ ಅಂದೆ. ಅವ್ಳಿಗ ಗುರ್ತ ಸಿಕ್ಕದೆ ಎಲ್ಲಾರ್‍ಗೂ ಆಕ್‌ಬುಟ್ಳು. ಟಿವಿಯವ್ರು ಬಂದ್ ಮ್ಯಾಕ ಏನಂತ ಏಳನ? ನಿಮ್ ಎಸ್ರು ಎತ್ತುದ್ರ ಊರೆಲ್ಲ ನಿಮ್ನೇ ನೋಡ್ ನಗ್ತಾರ. ಅದ್ಕೇ ಬಾಯ್ ಮುಚ್ಕಂಡ್ ಇದ್ಬುಟ್ಟೆ."

ಜೇಬಿನಿಂದ ಪೇಪರಿನಲ್ಲಿ ಸುತ್ತಿದ್ದೊಂದು ಸಣ್ಣ ವಸ್ತು ತೆಗೆದು ನನ್ನ ಕೈಗಿಟ್ಟ. ನನ್ನ ಲೆನ್ಸಿನ ಮುಚ್ಚಳ.

"ಟಿವೀಲಿ ಬಂದ್ ಮಾರ್ನೇ ಬೆಳಿಗ್ಗ ಜನ ಸೇರಾಕ್ ಮೊದ್ಲೇ ಓಗಿ ಉಡುಕ್ದೆ. ಇದು ಟಿವಿಯವ್ರ ಕೈಗ ಸಿಕ್ಕುದ್ರ ಕಷ್ಟ ಅಲ್ವ. ನೀವು ಪೋಟ ಸುಳ್ಳು ಅಂದ್ಬುಡಿ ಅಣ್ಣ. ಈರುಳ್ಳಿ ಕೈಲಿ ಮುಟ್ಟಿದ್ದ, ಜಿಡ್ಡಾಗಿತ್ತು ಅನ್ನಿ. ನಾನೂ ಊ ಅಂತೀನಿ. ಪಡಸಾಲ ಗ್ವಾಡ ಮ್ಯಾಲಿನ ಆ ಮೊಳೆ ನಿಮ್ದೇ ಕಣಣ್ಣ, ಅಲ್ಲಿ ನಿಮ್ ಪೋಟನೇ ಚಂದ."

ನಾನು ಒಂದು ವಾರ ಕೂತು ಹೆಣೆದಿದ್ದ ಮಾತನ್ನು ಅವನೇ ನನಗೆ ಕೊಡುತ್ತಿದ್ದ, ಅದೂ ಈರುಳ್ಳಿ ಸಮೇತ. ಆ ಮನುಷ್ಯನನ್ನು ತಬ್ಬಿಕೊಳ್ಳಬೇಕಿತ್ತು, ಗೊತ್ತು. ಆದರೆ ಆ ಗಳಿಗೆಯಲ್ಲಿ ನನ್ನ ಹೊಟ್ಟೆ ಉರಿದ ಹಾಗೆ ಟಿವಿ ನೋಡಿದ ದಿನವೂ ಉರಿದಿರಲಿಲ್ಲ. ಕೂದಲಲ್ಲಿ ಗೆದ್ದ, "ಅಯ್ಯೋ"ದಲ್ಲಿ ಗೆದ್ದ, ಫೋಟೋದಲ್ಲಿ ಗೆದ್ದ, ಈಗ ಒಳ್ಳೆಯತನದಲ್ಲೂ ನನ್ನನ್ನು ದಾಟಿಕೊಂಡು ಹೋಗುತ್ತಿದ್ದಾನೆ! ಇದೊಂದರಲ್ಲಾದರೂ ಬಿಡಬಾರದು ಅನ್ನಿಸಿಬಿಟ್ಟಿತು. ಸೀದಾ ಪಡಸಾಲೆಗೆ ಹೋಗಿ, ಕುರ್ಚಿಯಲ್ಲಿ ಕೂರದೆ ನಿಂತುಕೊಂಡೇ, ಎಲ್ಲರಿಗೂ ಕೇಳುವಂತೆ ಹೇಳಿದೆ: "ಮಾವ, ನಾನು ಚೆನ್ನಾಗಿ ಪರೀಕ್ಷೆ ಮಾಡಿದ್ದೀನಿ. ಫೋಟೋ ದಿಟ. ನಾಲ್ಕು ಬೆಳಕೂ ದಿಟ. ಅವು ಏನು ಅಂತ ನನ್ನ ಅನುಭವಕ್ಕೆ ಬಗೆಹರೀಲಿಲ್ಲ. ಇಪ್ಪತ್ತೇಳು ವರ್ಷದಲ್ಲಿ ಇಂಥ ಫೋಟೋ ನಾನು ನೋಡಿಲ್ಲ." ಕೊನೆಯ ಮಾತು ನಿಜವೇ ಆಗಿತ್ತು. ನಂಜುಂಡಸ್ವಾಮಿ ಬಾಗಿಲಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದ. ಅವನ ಮುಖದಲ್ಲಿ ಎಲ್ಲಾದರೂ ಸ್ವಲ್ಪ ಹೊಟ್ಟೆಕಿಚ್ಚು ಕಾಣುತ್ತದೆಯೇನೋ ಅಂತ ನೋಡಿದೆ. ಕಣ್ಣಲ್ಲಿ ನೀರು ಬಂದಿತ್ತು, ಅಷ್ಟೇ. ಅತ್ತೆ ಮೊದಲ ಬಾರಿಗೆ ನನ್ನ ಕಡೆ ತಿರುಗಿ "ಅಯ್ಯೋ, ಎಷ್ಟ್ ದೊಡ್ ಮನ್ಸು!" ಅಂದರು. ಆ "ಅಯ್ಯೋ" ನನಗೆ ಬಂತು, ಇಲ್ಲ ಅನ್ನುವುದಿಲ್ಲ. ಆದರೆ ಸುಳ್ಳು ಹೇಳಿ ಸಂಪಾದಿಸಿದ್ದು, ಮನೆಗೆ ಬರುವಷ್ಟರಲ್ಲಿ ಅದರ ರುಚಿ ಹೋಗಿತ್ತು.

ಹಳೆಯ ಫೋಟೋ ರೂಮಿಗೆ ಹೋಯಿತು. ಆ ಮೊಳೆಯಲ್ಲಿ ಈಗ ಷಡ್ಡಕನ ಫೋಟೋ ಇದೆ. ಅತ್ತೆ ಸೋಮವಾರ ಸೋಮವಾರ ಅದಕ್ಕೆ ಹೂ ಏರಿಸಿ ನಾಲ್ಕೂ ಬೆಳಕಿಗೆ ಕುಂಕುಮ ಇಡುತ್ತಾರೆ. ಮೂರು ಮೇಲಿನವಕ್ಕೆ ಒಂದೊಂದು ಬೊಟ್ಟು. ನಾಲ್ಕನೆಯದು ಯಾವುದು ಅಂತ ಯಾರಿಗೂ ಬಗೆಹರಿಯದ್ದರಿಂದ ಅದರ ಮೇಲೆ ಭಕ್ತಿ ಹೆಚ್ಚು, ಅದಕ್ಕೆ ಎರಡು ಬೊಟ್ಟು. ಹೋದ ಸೋಮವಾರ ನಾನು ಅಲ್ಲೇ ಇದ್ದೆ. ಆರತಿ ಎತ್ತಿ ತಟ್ಟೆ ನನ್ನ ಮುಂದೆ ಹಿಡಿದರು. ನಾನು ಎರಡೂ ಕೈಯಿಂದ ಆರತಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡೆ. ಕೈ ಹಾಗೆಯೇ ತಲೆಯ ಮೇಲೆ ಹೋಯಿತು, ನೆತ್ತಿ ಬೆಚ್ಚಗಾಯಿತು. ಪಕ್ಕದಲ್ಲಿದ್ದ ನಾಗರತ್ನ ಆ ಫೋಟೋವನ್ನೇ ಬಹಳ ಹೊತ್ತು ನೋಡಿ, "ಅಲ್ಲಾ ರೀ, ಆ ನಡೂಲಿರೋ ಹುತ್ತ, ಎಲ್ಲೋ ನೋಡ್ದಂಗದಲ್ಲ" ಅಂದಳು. ನಾನು ಆವತ್ತೇ ಸಂಜೆ ಆ ಬೂದು ಪ್ಯಾಂಟನ್ನು ಸ್ಟುಡಿಯೋದ ಲೈಟ್ ಒರೆಸುವುದಕ್ಕೆ ಅಂತ ಹರಿದುಬಿಟ್ಟೆ.